ಸೊಲ್ಲಾಪುರಕ್ಕೆ ಹೋಗದ ಮೋಡ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರಿಂದಲೋ ನಿಮಗೆ ಗೊತ್ತಾಗುವುದು ಬೇಡ. ಶಾಂತಸಾಗರದ ನಟ್ಟನಡುವೆ ಒಂದು ಸಣ್ಣ ದ್ವೀಪದಲ್ಲಿ, ಮದುವೆಯ ಚಾಪೆಗೆಂದು ಒಣಹಾಕಿದ್ದ ಎಲೆಗಳು ಮಳೆಯಲ್ಲಿ ತೊಯ್ದವು. ಅವುಗಳನ್ನು ಕಾಯಲು ಕೂತಿದ್ದವನು ನಾನು. ನಿದ್ದೆ ಹೋಗಿರಲಿಲ್ಲ, ಮೊಬೈಲು ನೋಡುತ್ತಿರಲಿಲ್ಲ. ಎರಡೂ ಕಣ್ಣು ತೆರೆದು ಮೋಡವನ್ನೇ ನೋಡುತ್ತಿದ್ದೆ. ನೋಡಿದ್ದಷ್ಟೇ ಅಲ್ಲ, ಮೋಡದ ಬಗ್ಗೆ ನನ್ನ ಅಭಿಪ್ರಾಯವನ್ನೂ ಗಟ್ಟಿಯಾಗಿ ಹೇಳಿದ್ದೆ. ಎಡವಟ್ಟಾದದ್ದು ಅಲ್ಲಿಯೇ.

ನಾನು ಇಂಡಿ ತಾಲ್ಲೂಕಿನ ತಾಂಬಾದವನು. ಹೆಸರು ರಾಚಪ್ಪ, ಕರೆಯುವುದು ರಾಚ್ಯಾ. ಉದ್ಯೋಗ, ಇನ್ನೊಬ್ಬರ ದನಿ ತೆಗೆಯುವುದು. ಮುದ್ದೇಬಿಹಾಳದ ಮದುವೆ ಮನೆಯಲ್ಲಿ ಬೀಗರ ದನಿ, ಬಸವನ ಬಾಗೇವಾಡಿಯ ಶಾಲೆಯ ಗ್ಯಾದರಿಂಗಿನಲ್ಲಿ ಹೆಡ್‌ಮಾಸ್ತರರ ದನಿ, ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ದನಿ. ಒಮ್ಮೆ ಅಲ್ಲಿ "ಕಲಬುರಗಿ, ಕಲಬುರಗಿ" ಎಂದು ಕೂಗಿ ಒಂದಷ್ಟು ಮಂದಿಯನ್ನು ವಿಜಯಪುರದ ಬಸ್ಸಿಗೆ ಹತ್ತಿಸಿದ್ದೆ. ಅವರಲ್ಲಿ ನಮ್ಮ ದೊಡ್ಡಪ್ಪನೂ ಇದ್ದದ್ದನ್ನು ನೋಡಿಕೊಂಡಿರಲಿಲ್ಲ. ಇಂಥವನನ್ನು ಕಾವಲಿಗೆ ಕೂರಿಸಿದವರದೂ ಸ್ವಲ್ಪ ತಪ್ಪಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಸಿಂದಗಿ

ನಿಜವಾಗಿ ಹೋಗಬೇಕಾಗಿದ್ದವಳು ಗುರುಬಾಯಿ ಅತ್ತಿ. ಅವಳ ಗಂಡ, ಅಂದರೆ ನಮ್ಮವ್ವನ ತಮ್ಮ ಸಂಗಣ್ಣ ಮಾವ, ಸಿಂದಗಿಯಲ್ಲಿ ಕಾಲೇಜಿನ ಹುಡುಗರಿಗೆ ಸಸ್ಯಶಾಸ್ತ್ರ ಕಲಿಸುತ್ತಾರೆ. ಬಜಾರಿನಲ್ಲಿ ಹೆಂಡತಿಯೇ ಎದುರು ಬಂದರೂ ಗುರುತು ಹಿಡಿಯದ ಮನುಷ್ಯ, ಅವಳ ಹಿಂದಿನ ಬೇಲಿಯ ಬಳ್ಳಿಯನ್ನು ಲ್ಯಾಟಿನ್ ಹೆಸರು ಹಿಡಿದು ಕರೆಯುತ್ತಾರೆ. ಅದರಲ್ಲೂ ಅವರ ಜೀವ ಇರುವುದು ಕ್ಯಾದಗಿಯಲ್ಲಿ. ಪುಸ್ತಕದಲ್ಲಿ ಕೇದಗೆ ಎಂದು ಬರೆಯುತ್ತಾರಲ್ಲ, ಅದೇ. ಅಗರಖೇಡದ ಹೊಲದ ಬಾವಿಯ ದಂಡೆಗೆ ಅದರ ಒಂದು ಮೆಳೆಯನ್ನೇ ಬೆಳೆಸಿದ್ದರು. ಹಾವು ಬಂದು ಸೇರಿಕೊಳ್ಳುತ್ತವೆ ಎಂದು ಅತ್ತಿ ಒಂದು ದಿನ ಆಳು ಹಚ್ಚಿ ಕಡಿಸಿದಳು. ಒಂದೂ ಹಾವು ಸಿಗಲಿಲ್ಲ. ವಾರವೆಲ್ಲ ಬುಸುಗುಟ್ಟಿದವರು ಮಾವ ಮಾತ್ರ.

ಇಂಥ ಮಾವನಿಗೆ ಫಿಜಿ ದೇಶದಲ್ಲಿ ಗಿಡಗಂಟಿ ಬಲ್ಲವರ ಸಭೆಗೆ ಕರೆ ಬಂತು. ಸಭೆ ಮುಗಿದ ಮೇಲೆ ದೂರದ ಒಂದು ದ್ವೀಪದಲ್ಲಿ ಕ್ಯಾದಗಿಯ ಬಳಗದ ಗಿಡದಿಂದ ಚಾಪೆ ನೇಯುವುದನ್ನೂ ನೋಡಬಹುದು ಎಂದಾಗ, ಅವರು ಊಟದ ತಾಟಿನ ಮುಂದೆಯೇ ಎದ್ದು ನಿಂತರು. ಅತ್ತಿ ಮೊಬೈಲಿನಲ್ಲಿ ಆ ದ್ವೀಪವನ್ನು ಹುಡುಕಿ, ಎರಡು ಬೆರಳಿನಿಂದ ಎಳೆದೆಳೆದು ದೊಡ್ಡದು ಮಾಡಿ ನೋಡಿದಳು. ಎಷ್ಟು ಎಳೆದರೂ ನೀಲಿಯೇ.

"ಸುತ್ತೂ ಕಡಿ ನೀರ ಐತಲ್ರಿ. ನಾ ಒಲ್ಲೆ. ಈ ರಾಚ್ಯಾನ್ನ ಕರಕೊಂಡು ಹೋಗ್ರಿ."

"ಇವನ್ನ ತಗೊಂಡು ನಾ ಏನ ಮಾಡ್ಲಿ?"

"ಚೀಲಾ ಹೊರ್ತಾನ. ಕಳಕೊಂಡ್ರೂ ಹುಡುಕೂ ಚಿಂತಿ ಇಲ್ಲ."

ನನ್ನ ಹೆಸರಿಗೆ ಟಿಕೆಟ್ ಬಂದದ್ದು ಹೀಗೆ, ಇಷ್ಟು ಮರ್ಯಾದೆಯಿಂದ.

ವಿಮಾನ ನಿಲ್ದಾಣ

ಹೊರಗಿನ ಹುಳ, ಬೀಜ, ಕೊಂಬೆ ಯಾವುದೂ ತಮ್ಮ ದ್ವೀಪಗಳಿಗೆ ಬರಬಾರದು ಎಂದು ಫಿಜಿಯವರ ಕಟ್ಟುನಿಟ್ಟು. ಮಾವನ ಕಿಸೆಯಲ್ಲಿ ಹಲ್ಲುಜ್ಜುವ ಬೇವಿನ ಕಡ್ಡಿಗಳಿದ್ದವು. ಅವು ಮೊದಲು ಹೋದವು. ಆಮೇಲೆ ನನ್ನ ಚೀಲ ತೆರೆಸಿದರು. ಅತ್ತಿ ಕಟ್ಟಿಕೊಟ್ಟ ಖಡಕ್ ರೊಟ್ಟಿಯ ಗಂಟು ಹೊರಬಂತು. ಆನೆಯಂಥ ಮೈಯ, ಮೆದು ದನಿಯ ಅಧಿಕಾರಿ ಒಂದು ರೊಟ್ಟಿಯನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದ.

"ಕಟ್ಟಿಗೆಯ ಸಾಮಾನೇ? ಔಷಧಿ ಹೊಡೆಸಿದ್ದೀರಾ?"

ನಾನು ಒಂದು ತುಂಡು ಮುರಿದು ಅವನ ಮುಂದೆಯೇ ಕಟುಂ ಎಂದು ತಿಂದು ತೋರಿಸಿದೆ. ಅವನು ಪಕ್ಕದವನನ್ನು ಕರೆದ. ಪಕ್ಕದವನಿಗಾಗಿ ಮತ್ತೊಮ್ಮೆ ತಿಂದೆ. ಕೊನೆಗೆ ನನ್ನ ಹಲ್ಲುಗಳ ಕಡೆಗೊಮ್ಮೆ ಮರುಕದಿಂದ ನೋಡಿ ಬಿಟ್ಟುಕಳಿಸಿದರು. ಜೋಳ ಬೆಳೆಯುವ ನಾಡಿಗೆ ಇಷ್ಟು ದೊಡ್ಡ ಗೌರವ ಸಿಕ್ಕಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ದೋಣಿ

ದ್ವೀಪದ ಹೆಸರು ಬರೆಯುವುದಿಲ್ಲ. ಅಲ್ಲಿಯವರಿಗೆ ನನ್ನಂಥವನು ಒಬ್ಬ ಸಾಕು.

ಸಭೆ ಮುಗಿಸಿ ಹತ್ತಿದ ದೋಣಿಯಲ್ಲಿ ಮಂದಿ, ಅಕ್ಕಿಚೀಲ, ಸೀಮೆಎಣ್ಣೆಯ ಡಬ್ಬಿ, ಕಾಲು ಕಟ್ಟಿದ ಒಂದು ಹಂದಿ, ಎಲ್ಲವೂ ಬಾಗಿಲ ಕಡೆಯೇ ಒತ್ತಿಕೊಂಡು ನಿಂತಿದ್ದವು. ನನಗೆ ತಡೆಯಲಾಗಲಿಲ್ಲ. ಸಿಂದಗಿಯ ಗಂಟಲು ತೆಗೆದು ಕೂಗಿದೆ: "ಬಾಗೇವಾಡಿ, ಬಾಗೇವಾಡಿ, ಮುದ್ದೇಬಿಹಾಳ! ಏ, ಒಳಗ ಸರೀರಿ ಯಪ್ಪಾ, ಒಳಗ ಜಾಗಾ ಐತಿ!" ಒಂದಕ್ಷರ ತಿಳಿಯದಿದ್ದರೂ ಎಲ್ಲರೂ ಒಳಗೆ ಸರಿದರು. ಕಂಡಕ್ಟರನ ದನಿಗೆ ಭಾಷೆಯ ಹಂಗಿಲ್ಲ.

ನಕ್ಕವನು ಒಬ್ಬನೇ, ಸೇರು. ನನ್ನ ವಯಸ್ಸಿನವನು. ದೊಡ್ಡ ದ್ವೀಪದ ಕಬ್ಬಿನ ಹೊಲಗಳಲ್ಲಿ ಕಟಾವಿಗೆ ದುಡಿದು, ಅಲ್ಲಿರುವ ನಮ್ಮ ದೇಶದ ಮೂಲದವರಿಂದ ಹಿಂದಿ ಕಲಿತಿದ್ದ. ನನ್ನ ಹಿಂದಿ ವಿಜಯಪುರದ್ದು, ಅವನದು ಸಮುದ್ರದ್ದು. ಎರಡೂ ಸಮನಾಗಿ ಕೆಟ್ಟಿದ್ದರಿಂದ ಚೆನ್ನಾಗಿ ಹೊಂದಿಕೊಂಡೆವು. ನಾವು ಇಳಿದುಕೊಳ್ಳಬೇಕಿದ್ದದ್ದೂ ಅವನ ಅಜ್ಜಿಯ ಮನೆಯಲ್ಲೇ. ಮುಂದೆ ಅವನ ಮಾತನ್ನೂ, ಅವನ ಬಾಯಿಂದ ಬಂದ ಉಳಿದವರ ಮಾತನ್ನೂ ತಾಂಬಾದ ಮಾತಿಗೆ ಇಳಿಸಿ ಬರೆಯುತ್ತೇನೆ. ನನ್ನ ಕಿವಿಗೆ ಅವು ಹಾಗೆಯೇ ಕೇಳಿದವು.

ಹಿರಿಯನ ಮನೆ

ಊರೊಳಗೆ ಕಾಲಿಡುವ ಮೊದಲು ಹಿರಿಯನ ಮುಂದೆ ಯಾಂಗೋನಾ ಎಂಬ ಗಿಡದ ಒಣ ಬೇರಿನ ಕಟ್ಟು ಇಡಬೇಕು. ನಮ್ಮಲ್ಲಿ ಎಲೆ ಅಡಿಕೆ ಇಟ್ಟು ಮಾತು ಶುರು ಮಾಡಿದಂತೆ. ಆ ಬೇರನ್ನು ಕುಟ್ಟಿ, ನೀರಿನಲ್ಲಿ ಹಿಂಡಿ, ಮರದ ದೊಡ್ಡ ಬೋಗುಣಿಯಿಂದ ತೆಂಗಿನ ಕರಟದಲ್ಲಿ ತುಂಬಿ ಒಬ್ಬೊಬ್ಬರಿಗೇ ಕೊಡುತ್ತಾರೆ. ಒಮ್ಮೆ ಚಪ್ಪಾಳೆ ತಟ್ಟಿ, ಕರಟ ಇಸಿದುಕೊಂಡು, ಒಂದೇ ಗುಟುಕಿಗೆ ಮುಗಿಸಬೇಕು. ನೋಡಲು ಮಳೆಗಾಲದ ಭೀಮಾ ನದಿಯ ನೀರು. ಅಮಲಿನ ಪದಾರ್ಥವೇನಲ್ಲ ಎಂದು ಮಾವ ಮೊದಲೇ ಪುಸ್ತಕದಲ್ಲಿ ನೋಡಿಕೊಂಡಿದ್ದರು.

ಆದರೆ ಹೇಗೆ ಕುಡಿಯಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಮಾವ ಹುಟ್ಟಿದಾಗಿನಿಂದ ತಂಬಿಗೆಯನ್ನು ತುಟಿಗೆ ತಾಗಿಸಿದವರಲ್ಲ, ಎತ್ತಿ ಕುಡಿದವರು. ಆ ಪವಿತ್ರವಾದ ಮೌನದಲ್ಲಿ ಅವರು ಕರಟವನ್ನು ಭಕ್ತಿಯಿಂದ ಮೇಲಕ್ಕೆತ್ತಿ, ಕತ್ತು ಹಿಂದಕ್ಕೆ ಚಾಚಿ, ಬಾಯಿ ತೆರೆದು ಸುರಿದುಕೊಂಡರು. ತಂಬಿಗೆಗೆ ಕಂಠ ಇರುತ್ತದೆ, ಕರಟಕ್ಕೆ ಇಲ್ಲ. ಅರ್ಧ ಮೂಗಿಗೆ, ಉಳಿದರ್ಧ ಇಸ್ತ್ರಿ ಮಾಡಿದ ಅಂಗಿಗೆ.

ಯಾರೂ ನಗಲಿಲ್ಲ. ಹಿರಿಯ ಗಂಭೀರವಾಗಿ ಚಪ್ಪಾಳೆ ತಟ್ಟಿದ, ಎಲ್ಲರೂ ತಟ್ಟಿದರು. ನಮ್ಮ ದೇಶದ ಶಾಸ್ತ್ರವೇ ಹೀಗಿರಬೇಕು ಎಂದುಕೊಂಡು, ಮುಂದಿನವನೊಬ್ಬ ಗೌರವಕ್ಕೆ ತಾನೂ ಎತ್ತಿ ಸುರಿದುಕೊಂಡ.

"ರಾಚ್ಯಾ, ಊರಾಗ ಹೋಗಿ ಇದನ್ನ ಆಡಿ ತೋರ್ಸಿದ್ರ ನೋಡ ಮತ್ತ!" ಮಾವ ಗಡ್ಡ ಒರೆಸಿಕೊಳ್ಳುತ್ತ ಅಂದರು.

"ಇಲ್ಲ ಮಾವಾರ," ಅನ್ನಲು ಹೋದೆ. ನಾಲಿಗೆ ಬರಲಿಲ್ಲ. ಆ ಬೇರಿನ ರಸ ಬಾಯನ್ನು ಜೋಮು ಹಿಡಿಸುತ್ತದೆ. ಇನ್ನೊಬ್ಬರ ದನಿ ಹಾಗಿರಲಿ, ನನ್ನ ದನಿಯೇ ಬಾಯೊಳಗೆ ಅರಿವೆಯ ಮುದ್ದೆಯಂತೆ ಬಿದ್ದಿತ್ತು. ಮಾವ ಅಂದು ಸಂಜೆಯೆಲ್ಲ ಬಹಳ ಖುಷಿಯಲ್ಲಿದ್ದರು.

ಮಾವನಿಗೂ ನನಗೂ ಏನು ಸಂಬಂಧ ಎಂದು ಹಿರಿಯ ಕೇಳಿದ. ತಾಯಿಯ ತಮ್ಮ ಎಂದ ಕೂಡಲೇ ಸುತ್ತಲಿದ್ದವರ ಮುಖ ಅರಳಿತು. ಅಲ್ಲಿಯೂ ಸೋದರಮಾವನ ಮನೆಯಲ್ಲಿ ಅಳಿಯನ ಕೈ ಎಲ್ಲಿ ಬೇಕಾದರೂ ಓಡಬಹುದಂತೆ. ಅಲ್ಲಿಯೂ ದೊಡ್ಡಪ್ಪನ ಮಗ ಅಣ್ಣ, ಅವನೆದುರು ಬಾಯಿ ಮುಚ್ಚಬೇಕು. ಸೋದರಮಾವನ ಮಗನಾದರೆ 'ತವಾಲೆ', ಅವನನ್ನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಸಿಟ್ಟಾಗುವ ಹಕ್ಕು ಅವನಿಗಿಲ್ಲ. ಇಷ್ಟು ಸಮುದ್ರ ದಾಟಿ ಬಂದರೆ ಇಲ್ಲೂ ನಮ್ಮದೇ ಬೀಗತನ! ಸೇರು ಅಂದೇ ನನ್ನನ್ನು ತವಾಲೆ ಮಾಡಿಕೊಂಡ. "ಇನ್ನ ನೀ ನನಗ ಏನರ ಅನ್ನು. ಆದ್ರ ನಮ್ಮ ಅಜ್ಜೀಗಿ ಮಾತ್ರ ಬ್ಯಾಡ."

ಬೇಡ ಎಂದ ಮೇಲೆ ನನಗೆ ಬೇರೆ ಕೆಲಸವೇ ಉಳಿಯಲಿಲ್ಲ.

ಮೇರೆ ಅಜ್ಜಿಯ ಅಂಗಳ

ಸೇರುವಿನ ಅಜ್ಜಿ ಮೇರೆ. ತೆಳು ಮೈ, ಬೆಳ್ಳಗೆ ಗುಂಗುರು ಕೂದಲು, ಒಂದು ಹುಬ್ಬು ಯಾವಾಗಲೂ ಮೇಲೆ. ಅವಳ ಅಂಗಳದ ತುಂಬ ವೋಯ್‌ವೋಯ್ ಎಲೆಗಳು ಒಣಗುತ್ತಿದ್ದವು. ಮಾವ ಅವುಗಳನ್ನು ಕಂಡು ತವರಿನವರನ್ನು ಕಂಡಂತೆ ಬಗ್ಗಿದರು. ಕ್ಯಾದಗಿಯದೇ ಬಳಗ, ಅದೇ ಕತ್ತಿಯಂಥ ಎಲೆ, ಅಂಚಿಗೆ ಮುಳ್ಳು. ನಾವು ಹೂವಿಗಾಗಿ ಆ ಮುಳ್ಳಿನ ಸಹವಾಸ ಮಾಡುತ್ತೇವೆ. ಅವರಿಗೆ ಹೂವೇ ಗೊತ್ತಿಲ್ಲ. ಮೇರೆ ಅಜ್ಜಿ ಹುಟ್ಟಿ ಮುದುಕಿಯಾಗುವವರೆಗೆ ತನ್ನ ತೋಟದ ಗಿಡ ಹೂ ಬಿಟ್ಟದ್ದನ್ನು ನೋಡಿಲ್ಲವಂತೆ. ಅವರಿಗೆ ಬೇಕಾದದ್ದು ಎಲೆ. ಕೊಯ್ದು, ಮುಳ್ಳು ತೆಗೆದು, ಬಿಸಿಲಿಗೆ ಬಿಳಿಚುವ ತನಕ ಒಣಗಿಸಿ, ಚಿಪ್ಪಿನಿಂದ ಹೆರೆದು ಮೆತ್ತಗೆ ಮಾಡಿ, ಉದ್ದಕ್ಕೆ ಸೀಳಿ, ಹೆಂಗಸರು ಸುತ್ತ ಕೂತು ನೇಯುತ್ತಾರೆ. ನಮ್ಮ ಓಣಿಯಲ್ಲಿ ಕೌದಿ ಹೊಲಿಯುವಾಗ ಕೂಡುವಂತೆಯೇ. ಸೂಜಿ ಇಲ್ಲ, ಚಾಡಿ ಅಷ್ಟೇ ಇದೆ.

ಆ ಎಲೆಗಳು ಸೇರುವಿನ ತಂಗಿ ಲಿತಿಯಾಳ ಮದುವೆಯ ಚಾಪೆಗೆ. ವಾರದೊಳಗೆ ಬೇರೆ ದ್ವೀಪದಿಂದ ಗಂಡಿನವರ ದೋಣಿ ಬರಲಿತ್ತು. ಚಾಪೆಯ ಅರ್ಧ ಆಗಿತ್ತು, ಉಳಿದರ್ಧ ಅಂಗಳದಲ್ಲಿ ಒಣಗುತ್ತಿತ್ತು.

"ಅಂಗಡ್ಯಾಗ ಚಾಪಿ ಸಿಗೂದಿಲ್ಲೇನು?" ಎಂದು ನಾನು ಸೇರುವನ್ನು ಕೇಳಿದೆ.

"ಸಿಗ್ತಾವ. ತಗೊಂಡು ಹ್ವಾದ್ರ ಗಂಡಿನವ್ರೇನೂ ಅನ್ನೂದಿಲ್ಲ. ಆದ್ರ ಲಿತಿಯಾ ಅಲ್ಲಿ ಒಬ್ಬಾಕಿನ ಇರ್ತಾಳ. ಚಾಪಿ ಹಾಸಿದಾಗೊಮ್ಮೆ ಅಜ್ಜಿ ಕೈ ಕಾಣ್ಬೇಕು ಅಂತಾಳ."

ಲಿತಿಯಾ ಪಕ್ಕದಲ್ಲೇ ಎಲೆ ಮಗುಚುತ್ತಿದ್ದಳು.

ಮೋಡ ಕಂಡರೆ ಮೇರೆ ಅಜ್ಜಿ "ಉದಾ!" ಎಂದು ಕೂಗುತ್ತಾಳೆ. ಮಳೆ ಎಂದು ಅರ್ಥ. ಮೊದಲಕ್ಷರ ನೆಲದಿಂದ, ಎರಡನೆಯದು ತೆಂಗಿನ ತುದಿಯಿಂದ. ಅಕ್ಕಪಕ್ಕದವರೆಲ್ಲ ಓಡಿ ಬಂದು ಎಲೆ ಬಾಚಿ ಒಳಗೊಯ್ಯುತ್ತಾರೆ. ಎರಡು ದಿನದಲ್ಲಿ ಆ ಕೂಗು ನನ್ನ ಗಂಟಲಲ್ಲಿ ಕೂತಿತು. ಮೂರನೆಯ ದಿನ, ಆಕಾಶ ತೊಳೆದ ತಾಟಿನಂತೆ ಇದ್ದಾಗ, ಬಾಳೆಯ ಮರೆಯಲ್ಲಿ ನಿಂತು ಕೂಗಿಯೇಬಿಟ್ಟೆ.

ಊರು ಓಡಿಬಂತು. ಸ್ನಾನ ಮಾಡುತ್ತಿದ್ದವನೊಬ್ಬ ಸಾಬೂನಿನ ನೊರೆಯ ಸಮೇತ ಬಂದ. ಎಲೆಗಳೆಲ್ಲ ಒಳಗೆ ಹೋದವು. ಆಮೇಲೆ ನನ್ನ ಹಲ್ಲು ಕಂಡವು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೇರೆ ಅಜ್ಜಿ ಮಾತ್ರ ನಗಲಿಲ್ಲ. ಹುಬ್ಬು ಇನ್ನಷ್ಟು ಮೇಲೆ ಹೋಯಿತು. ಸೇರುವಿನ ಕಡೆ ತಿರುಗಿ ಏನೋ ಅಂದಳು.

"ಏನಂದಳ?"

"ನನ್ನ ದನಿ ಇವನ ಹಂತ್ಯಾಕ ಹೋಗೇತಿ ಅಂದ್ರ ನನ್ನ ಕೆಲಸಾನೂ ಇವನ ಮಾಡ್ಲಿ ಅಂದಳ. ನಾಳಿಂದ ಎಲಿ ಕಾಯೂದು ನೀನ."

ಮೋಡ

ಎಲೆ ಕಾಯುವುದು ನನಗೇನು ಹೊಸದೇ? ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ, ಶಾವಿಗೆ ಕಾಯುತ್ತ ಬೆಳೆದವನು. ತೆಂಗಿನ ಬುಡದಲ್ಲಿ ಕಾಲು ಚಾಚಿ ಕೂತೆ. ಮಾವ ಕಡಲ ದಂಡೆಯಲ್ಲಿ ಸುರಹೊನ್ನೆ ಮರ ಸಿಕ್ಕಿತೆಂದು ಅತ್ತ ಹೋಗಿದ್ದರು. ಅದರ ಬೀಜದೆಣ್ಣೆಯನ್ನು ಅಲ್ಲಿಯವರು ಮೊಣಕಾಲಿಗೆ ತಿಕ್ಕುತ್ತಾರೆ ಎಂದು ಕೇಳಿದಾಗಿನಿಂದ ಅವರಿಗೆ ಇಲ್ಲದ ಮೊಣಕಾಲು ನೋವು ಬಂದಿತ್ತು. ಮೇರೆ ಅಜ್ಜಿ ಒಳಗೆ ಅರೆಗತ್ತಲಲ್ಲಿ ನೇಯುತ್ತಿದ್ದಳು. ತೆರೆದ ಬಾಗಿಲಿನಿಂದ ಅವಳಿಗೆ ನಾನು ಕಾಣುತ್ತಿದ್ದೆ, ಆಕಾಶ ಕಾಣುತ್ತಿರಲಿಲ್ಲ.

ಮಧ್ಯಾಹ್ನ ತೆಂಕಣ ಕಡೆಯಿಂದ ಒಂದು ಮೋಡ ಎದ್ದಿತು. ಕಪ್ಪು, ಎಮ್ಮೆಯಂಥದು. ಗಾಳಿ ತಣ್ಣಗಾಯಿತು. ಒಳಗಿನಿಂದ ಅಜ್ಜಿ ಕೇಳಿದಳು: "ಉದಾ?"

ಇನ್ನು ನೀವೇ ಹೇಳಿ. ನಾನು ವಿಜಯಪುರ ಜಿಲ್ಲೆಯವನು. ಹುಟ್ಟಿದಾಗಿನಿಂದ ಎಂಥೆಂಥ ಮೋಡ ನೋಡಿದ್ದೇನೆ! ಕಪ್ಪಗೆ ಕಟ್ಟಿಕೊಂಡು ಬರುತ್ತವೆ, ಗುಡುಗುತ್ತವೆ, ಒಣಹಾಕಿದ ಬಟ್ಟೆ ತೆಗೆಸುತ್ತವೆ, ಆಮೇಲೆ ನಮಗೆ ಬೆನ್ನು ತೋರಿಸಿ ಹೊರಟುಹೋಗುತ್ತವೆ. ಎಲ್ಲಿಗೆ ಎಂದರೆ ಸೊಲ್ಲಾಪುರಕ್ಕೆ ಎನ್ನುತ್ತಾರೆ ನಮ್ಮೂರಿನವರು. ಸೊಲ್ಲಾಪುರದವರನ್ನು ಕೇಳಿದರೆ ಇಂಡಿಯ ಕಡೆ ಹೋದವು ಎನ್ನುತ್ತಾರೆ. ಮೋಡ ನೋಡಿ ಓಡುವವನನ್ನು ನಮ್ಮಲ್ಲಿ ಹೊಸಬ ಎಂದು ನಗುತ್ತಾರೆ.

ನಾನು ಹೊಸಬನೇ? ಎದ್ದು ನಿಂತೆ. ಎಡಗೈ ಸೊಂಟಕ್ಕೆ ಇಟ್ಟೆ, ಗದ್ದ ಮೇಲೆತ್ತಿದೆ, ಒಂದು ಕಣ್ಣು ಅರೆ ಮುಚ್ಚಿ ಮೋಡವನ್ನು ತೂಗಿ ನೋಡಿ, ನಮ್ಮ ಅಪ್ಪ ಅಜ್ಜ ಎಲ್ಲರ ಗತ್ತಿನಲ್ಲಿ ಘೋಷಿಸಿದೆ:

"ಹೋಗ್ತಾವ ಬಿಡ್ರಿ, ಸೊಲ್ಲಾಪುರಕ್ಕ."

ಅಜ್ಜಿ ನನ್ನನ್ನೇ ನೋಡಿದಳು. ನಾನು ಕೈಯಾಡಿಸಿ ಇಲ್ಲ ಎಂದೆ. ಅವಳು ತಲೆ ಬಗ್ಗಿಸಿ ನೇಯತೊಡಗಿದಳು.

ಆ ಮೋಡಕ್ಕೆ ಸೊಲ್ಲಾಪುರ ಗೊತ್ತಿರಲಿಲ್ಲ. ಅದು ಹನಿಯಿಂದ ಶುರು ಮಾಡುವ ಮಳೆಯಲ್ಲ, ಕೊಡ ಬೋರಲು ಹಾಕಿದ್ದು. "ಉದಾ!" ಎಂದು ಕೂಗಿದೆ. ಈ ಸಲ ಅಜ್ಜಿಯ ದನಿಯಲ್ಲಲ್ಲ, ನನ್ನದೇ ಒಡಕು ದನಿಯಲ್ಲಿ. ಆದರೂ ಎಲ್ಲರೂ ಬಂದರು, ಯಾರೂ ತಮಾಷೆ ಎಂದುಕೊಳ್ಳಲಿಲ್ಲ. ಬಾಚಿ ಒಳಗೆ ಹಾಕುವಷ್ಟರಲ್ಲಿ ಅರ್ಧಕ್ಕೂ ಹೆಚ್ಚು ಎಲೆ ತೊಯ್ದು ತೊಪ್ಪೆಯಾಗಿದ್ದವು. ಬೈದಿದ್ದರೆ ಚೆನ್ನಾಗಿತ್ತು. ಲಿತಿಯಾ ಒಂದೊಂದೇ ಎಲೆ ತೆಗೆದು ತನ್ನ ಲಂಗದ ಅಂಚಿನಿಂದ ಒರೆಸಿದಳು, ಅಷ್ಟೇ.

ಬೆಳಿಗ್ಗೆ ನೋಡಿದರೆ ಎಲೆಗಳ ಮೇಲೆ ಬೂದು ಮಚ್ಚೆ. ಸೇರು ಬಂದು ಕೂತ.

"ಅಜ್ಜಿ ಕೇಳಾಕತ್ತಾಳ. ನಿನ್ನೆ ನೀ ಮೋಡ ನೋಡಿ ಏನಂದಿ?"

ಸೊಲ್ಲಾಪುರದ ಕತೆಯನ್ನೆಲ್ಲ ಹೇಳಿದೆ. ಅವನು ನಕ್ಕು ನಕ್ಕು ನೆಲಕ್ಕೆ ಉರುಳಿ, ಎಲ್ಲರಿಗೂ ತಿರುಗಿಸಿ ಹೇಳಿದ. ಮೇರೆ ಅಜ್ಜಿ ಅಂದಳಂತೆ: "ಆ ಮಾತು ಇನ್ನೊಮ್ಮಿ ಅನ್ನಂತ ಹೇಳು." ಹೇಳಿದೆ. "ಇನ್ನೊಮ್ಮಿ." ಮತ್ತೆ ಹೇಳಿದೆ. ಅವಳ ತುಟಿ ಸ್ವಲ್ಪ ಅಲುಗಿತು. ನಗಲಿಲ್ಲ.

ಕೆಸರು

ಅಜ್ಜಿ ಪ್ರತಿ ಎಲೆಯನ್ನೂ ಎಳೆದು ನೋಡಿದಳು. ಬಣ್ಣ ಕೆಟ್ಟಿತ್ತು, ನಾರು ಕೆಟ್ಟಿರಲಿಲ್ಲ. ಬೆಳ್ಳಗಿನ ಚಾಪೆಗೆ ಅವು ಬಾರವು. ಆದರೆ ಚಾಪೆಯ ಅಂಚಿಗೆ ಕಪ್ಪು ಗೆರೆ ಬೇಕಾಗುತ್ತದೆ. ಅದಕ್ಕೆ ಎಲೆಗಳನ್ನು ಕಾಡಿನ ಯಾವುದೋ ಸೊಪ್ಪಿನ ಜೊತೆ ಕುದಿಸಿ ಕರೀ ಕೆಸರಿನಲ್ಲಿ ಹೂಳುತ್ತಾರೆ. ಗೆರೆಯ ಬದಲು ಅಗಲ ಪಟ್ಟಿಯನ್ನೇ ಹಾಕುವುದು ಎಂದು ಅಜ್ಜಿ ತೀರ್ಮಾನಿಸಿದಳು. ಕೆಸರು ಹೊರುವವನು ಯಾರೆಂದು ಯಾರೂ ಕೇಳಲಿಲ್ಲ. ನನ್ನ ಕೈಗೆ ಬುಟ್ಟಿ ಬಂತು.

"ಅಳಲಿಕಾಯಿ ರಸಕ್ಕ ಕಬ್ಬಿಣದ ಮೊಳಿ ಹಾಕಿ ನಮ್ಮ ಅಜ್ಜ ಶಾಯಿ ಮಾಡ್ತಿದ್ದನಲ್ಲೋ, ಅದ ಇದು!" ಮಾವ ಕೆಸರಿನ ಹೊಂಡದ ಅಂಚಿಗೆ ಕೂತು ಕುಣಿಯುವುದೊಂದೇ ಬಾಕಿ. "ಸೊಪ್ಪಿನ ಒಗರು, ಕೆಸರಿನ ಕಬ್ಬಿಣ! ಹುಡುಗಾ, ಎಂಥಾ ಚಲೋ ತಪ್ಪ ಮಾಡೀದಿ ನೋಡ!"

"ಮಾವಾರ, ಇದನ್ನ ಅಜ್ಜಿ ಮುಂದ ಅನಬ್ಯಾಡ್ರಿ. ಬುಟ್ಟಿ ನಿಮ್ಮ ತಲಿಗೂ ಬರ್ತೈತಿ."

ಮೊಣಕಾಲ ಮಟ್ಟದ ಕೆಸರಿನಲ್ಲಿ ಸಂಜೆಯವರೆಗೆ ನಿಂತೆ. ಆಮೇಲಿನ ದಿನಗಳಲ್ಲಿ ಚಿಪ್ಪು ಹಿಡಿದು ಎಲೆ ಹೆರೆದೆ. ಬೆರಳ ತುದಿಗಳು ಹರಿದವು. ಸುತ್ತಲಿನ ಮನೆಗಳ ಹೆಂಗಸರು ತಮ್ಮ ತಮ್ಮ ಕೆಲಸ ಬಿಟ್ಟು ಬಂದು ನಾಲ್ಕೂ ಕಡೆಯಿಂದ ಕೂತರು. ದೀವಿ ಹಲಸನ್ನು ಕೆಂಡದಲ್ಲಿ ಸುಟ್ಟು ನಡುವೆ ಇಟ್ಟುಕೊಂಡು, ತಿನ್ನುತ್ತ, ನನ್ನ ಕಡೆ ಕಣ್ಣು ತಿರುಗಿಸಿ ನಗುತ್ತ ನೇಯ್ದರು. ಆ ದಿನಗಳಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಮಾವ ಗಾಬರಿಯಾಗಿ ನನ್ನ ಹಣೆ ಮುಟ್ಟಿ ನೋಡಿದರು.

ಗಂಡಿನವರ ದೋಣಿ ಕಡಲ ಅಂಚಿನಲ್ಲಿ ಕಂಡಾಗ ಕೊನೆಯ ಅಂಚು ಮಡಚಿ, ಬಣ್ಣದ ಉಣ್ಣೆಯ ಕುಚ್ಚು ಕಟ್ಟುತ್ತಿದ್ದರು.

ಮದುವೆ, ಮತ್ತೆ ದೋಣಿ

ಚಾಪೆಗಳನ್ನು ಒಂದರ ಮೇಲೊಂದು ಹಾಸಿ, ಎಲ್ಲಕ್ಕಿಂತ ಮೇಲೆ ಇದನ್ನು ಹಾಸಿದರು. ಬೆಳದಿಂಗಳಂಥ ಹೊಟ್ಟೆ, ಸುತ್ತ ಎರೆಮಣ್ಣಿನಂಥ ಕಪ್ಪು. ನನಗೆ ಭೀಮೆಯ ದಂಡೆಯ ಹೊಲ ನೆನಪಾಯಿತು. ಗಂಡಿನ ಕಡೆಯ ಹಿರಿಯ ಹೆಂಗಸರು ಬಂದು ಅಂಚನ್ನು ತಿರುಗಿಸಿ, ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ನಮ್ಮಲ್ಲಿ ಸೀರೆಯ ಸೆರಗು ನೋಡುವ ಬೀಗತಿಯರ ಕಣ್ಣೇ ಅದು. ಒಬ್ಬಾಕೆ ಏನೋ ಕೇಳಿದಳು. ಇಷ್ಟಗಲ ಕಪ್ಪೇಕೆ ಎಂದೇ ಕೇಳಿರಬೇಕು. ನಾನು ಮಾವನ ಬೆನ್ನ ಹಿಂದೆ ಸರಿದೆ. ಮೇರೆ ಅಜ್ಜಿ ಹುಬ್ಬು ಏರಿಸಿ ಉತ್ತರ ಕೊಟ್ಟಳು. ಆ ಹೆಂಗಸರು ತಲೆದೂಗಿ, ಮೆಲ್ಲಗೆ ಚಪ್ಪಾಳೆ ತಟ್ಟಿದರು. ಲಿತಿಯಾ ಆ ಕಪ್ಪು ಅಂಚಿನ ಮೇಲೆ ಕೈಯಿಟ್ಟು ಕೂತಳು.

"ಏನಂದಳೋ?"

ಸೇರು ಅಂದ: "ಇದು ಭಾಳ ದೂರದ ದೇಶದ ಅಂಚು, ಈ ಸೀಮ್ಯಾಗ ಯಾರಿಗೂ ಬರೂದಿಲ್ಲ ಅಂದಳ."

ಅದಾದ ಮೇಲೆ ನಾನು ನೆಲದ ಮೇಲೆ ನಡೆಯಲಿಲ್ಲ. ಮದುವೆಯ ಊಟದಲ್ಲಿ ಕಂಡಕ್ಟರನ ದನಿ, ಹಿರಿಯನ ದನಿ, ಮಾವ ಕರಟ ಎತ್ತಿ ಕುಡಿದದ್ದು, ಎಲ್ಲ ಆಡಿ ತೋರಿಸಿದೆ. ಮಾವನೇ ಎಲ್ಲರಿಗಿಂತ ಜೋರಾಗಿ ನಕ್ಕರು. ಮೇರೆ ಅಜ್ಜಿ ಒಂದಕ್ಕೂ ನಗಲಿಲ್ಲ.

"ಇಡೀ ಊರ ನಗಿಸಿದೆ. ಈಕಿನ್ನ ನಗಸಾಕ ಆಗ್ಲಿಲ್ಲ ನೋಡ್ರಿ ಮಾವಾರ," ಎಂದು ಹೊರಡುವ ಬೆಳಿಗ್ಗೆ ಚೀಲ ಹೊರುತ್ತ ಅಂದೆ.

"ಆಕಿ ನಿನ್ನ ಪರೀಕ್ಷಾ ಮಾಡಾಕತ್ತಾಳಲೇ," ಅಂದರು ಮಾವ.

ದೋಣಿಯ ಹತ್ತಿರ ಊರೆಲ್ಲ ನಿಂತಿತ್ತು. ಲಿತಿಯಾ ತಾನೇ ನೇಯ್ದ ಒಂದು ಬೀಸಣಿಗೆಯನ್ನು ಗುರುಬಾಯಿ ಅತ್ತಿಗೆಂದು ಕೊಟ್ಟಳು. ಹವಳದ ದಿಬ್ಬದಾಚೆ ತೆಂಕಣದಿಂದ ಮತ್ತೆ ಅದೇ ಬಣ್ಣದ ಮೋಡ ಏಳುತ್ತಿತ್ತು. ಈಗ ನಾನು ಹೊಸಬನಲ್ಲ. ಮೋಡ ಕಂಡ ಕೂಡಲೇ ಬೀಸಣಿಗೆಯನ್ನು ಅಂಗಿಯೊಳಗೆ ಸೇರಿಸಿಕೊಂಡೆ. ಮಾವನ ಕೈಯಲ್ಲಿ ಒಣಗಿಸಿದ ಎಲೆಗಳ ಚಿತ್ರ ತುಂಬಿದ ಕ್ಯಾಮೆರಾ ಬೇರೆ. ಮೇರೆ ಅಜ್ಜಿಯ ಮುಂದೆ ಹೋಗಿ, ಬಹಳ ವಿನಯದಿಂದ, ಮೋಡದ ಕಡೆ ಕೈ ತೋರಿಸಿ ಕೇಳಿದೆ:

"ಉದಾ?"

ಕೇಳುವಷ್ಟರಲ್ಲಿ ಮೊದಲ ಹನಿ ನನ್ನ ಮೂಗಿನ ಮೇಲೆ ಬಿತ್ತು. ಎರಡನೆಯದು ಮಾವನ ಕನ್ನಡಕದ ಮೇಲೆ. ಮೇರೆ ಅಜ್ಜಿ ಅವಸರ ಮಾಡಲಿಲ್ಲ. ಎಡಗೈಯನ್ನು ಸೊಂಟಕ್ಕೆ ಇಟ್ಟಳು. ಗದ್ದ ಮೇಲೆತ್ತಿದಳು. ಒಂದು ಕಣ್ಣು ಅರೆ ಮುಚ್ಚಿ, ಸುರಿಯತೊಡಗಿದ ಮೋಡವನ್ನು ನಿಧಾನವಾಗಿ ತೂಗಿ ನೋಡಿ, ಒಂದಕ್ಷರ ಆಚೀಚೆ ಆಗದ ತಾಂಬಾದ ಕನ್ನಡದಲ್ಲಿ ಅಂದಳು:

"ಹೋಗ್ತಾವ ಬಿಡ್ರಿ, ಸೊಲ್ಲಾಪುರಕ್ಕ."